ಹಳೆಯ ಕ್ಯಾಮೆರಾದಲ್ಲಿ ಸವೆಯುವುದು ಯಾವುದು?

ನಿಕಾನ್ ಡಿ90 ಮಾರುಕಟ್ಟೆಗೆ ಬಂದದ್ದು 2008ರಲ್ಲಿ. ವಿಡಿಯೊ ತೆಗೆಯಬಲ್ಲ ಮೊದಲ ಡಿಎಸ್‌ಎಲ್‌ಆರ್ ಎಂದು ಆಗ ಸುದ್ದಿ ಮಾಡಿದ ಕ್ಯಾಮೆರಾ ಅದು. ಈಗ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಕೊಳ್ಳಬಹುದೇ? ‘ಹನ್ನೆರಡೇ ಮೆಗಾಪಿಕ್ಸೆಲ್ಲಾ, ನನ್ನ ಫೋನಿನಲ್ಲೇ ಐವತ್ತಿದೆ’ ಎನ್ನುವವರು ಬೇರೆ ಲೆಕ್ಕ ಹಾಕಬೇಕು.

ಬೆಳಕನ್ನು ಹಿಡಿಯುವುದು ಸೆನ್ಸರ್ ಎಂಬ ಸಿಲಿಕಾನ್ ಬಿಲ್ಲೆ. ಡಿ90ರ ಸೆನ್ಸರ್ 23.6 ಮಿ.ಮೀ. ಅಗಲ, 15.8 ಮಿ.ಮೀ. ಎತ್ತರ. ಫೋನುಗಳಲ್ಲಿರುವ ಅರ್ಧ ಇಂಚು ವರ್ಗದ ಸೆನ್ಸರ್‌ಗಿಂತ ವಿಸ್ತೀರ್ಣದಲ್ಲಿ ಸುಮಾರು ಹನ್ನೆರಡು ಪಟ್ಟು ದೊಡ್ಡದು. ಫೋನು ಒಂದರ ಹಿಂದೆ ಒಂದು ಹಲವು ಚಿತ್ರ ತೆಗೆದು, ಅವನ್ನು ಸೇರಿಸಿ ಈ ಕೊರತೆ ತುಂಬಿಕೊಳ್ಳುತ್ತದೆ. ರಾತ್ರಿ ಹೊತ್ತು ನಿಶ್ಚಲ ದೃಶ್ಯಗಳಲ್ಲಿ ಅದೇ ಗೆಲ್ಲುವುದೂ ಉಂಟು. ಆದರೆ ಹಗಲಿನಲ್ಲಿ ಒಳ್ಳೆಯ ಲೆನ್ಸ್ ಹಾಕಿ ತೆಗೆದ ಮುಖಚಿತ್ರದಲ್ಲಿ, ಕಣ್ಣು ಸ್ಫುಟವಾಗಿ ಹಿನ್ನೆಲೆ ತಾನಾಗಿಯೇ ಕರಗುವ ಚಂದ ದೊಡ್ಡ ಸೆನ್ಸರ್ ಮತ್ತು ಗಾಜಿನ ಕೊಡುಗೆ. ಡಿ90ರ 4288 x 2848 ಪಿಕ್ಸೆಲ್‌ಗಳು 14 ಇಂಚು ಅಗಲದ ಅಚ್ಚುಕಟ್ಟಾದ ಮುದ್ರಣಕ್ಕೆ ಸಾಕು.

ಬೆಳಕಿನ ಕಣ ಬಿದ್ದಾಗ ಸಿಲಿಕಾನ್‌ನಲ್ಲಿ ಎಲೆಕ್ಟ್ರಾನ್ ಬಿಡುಗಡೆಯಾಗುತ್ತದೆ. ಇದರಲ್ಲಿ ಖರ್ಚಾಗುವ ವಸ್ತುವೇ ಇಲ್ಲ, ಹಾಗಾಗಿ ಸೆನ್ಸರ್ ಸವೆಯುವುದಿಲ್ಲ. ವರ್ಷ ಕಳೆದಂತೆ ಕೆಲವು ಪಿಕ್ಸೆಲ್‌ಗಳು ಕತ್ತಲಲ್ಲೂ ಹೊಳೆಯತೊಡಗಬಹುದು, ಅಷ್ಟೇ. ಲೆನ್ಸಿನ ಮುಚ್ಚಳ ಹಾಕಿ, ನಾಯ್ಸ್ ರಿಡಕ್ಷನ್ ಆಫ್ ಮಾಡಿ ಎಂಟು ಸೆಕೆಂಡಿನ ಚಿತ್ರ ತೆಗೆದರೆ ಅವು ಚುಕ್ಕಿಗಳಾಗಿ ಕಾಣುತ್ತವೆ. ನಾಲ್ಕೈದು ಇದ್ದರೆ ಚಿಂತೆ ಬೇಡ.

ಸವೆಯುವುದು ಶಟರ್. ಗುಂಡಿ ಒತ್ತಿದೊಡನೆ ಕನ್ನಡಿ ಮೇಲೇಳುತ್ತದೆ, ಮೊದಲ ಪರದೆ ಸರಿದು ಸೆನ್ಸರ್ ತೆರೆಯುತ್ತದೆ, ಎರಡನೆಯದು ಬಂದು ಮುಚ್ಚುತ್ತದೆ. ಸೆಕೆಂಡಿನ 4000ನೇ ಒಂದು ಭಾಗದ ವೇಗದಲ್ಲಂತೂ ಸೆನ್ಸರ್ ಒಮ್ಮೆಲೇ ಪೂರ್ತಿ ತೆರೆದುಕೊಳ್ಳುವುದೇ ಇಲ್ಲ. ಮೊದಲ ಪರದೆಯ ಬೆನ್ನಿಗೇ ಎರಡನೆಯದು ಹೊರಟು, ನಡುವಿನ ಕಿರಿದಾದ ಸೀಳೊಂದು ಸೆನ್ಸರ್ ಮೇಲೆ ಓಡುತ್ತದೆ. ಎರಡೂ ಒಂದೇ ವೇಗದಲ್ಲಿ ಓಡಿದರೆ ಮಾತ್ರ ಬೆಳಕು ಎಲ್ಲೆಡೆ ಸಮನಾಗಿ ಬೀಳುತ್ತದೆ. ಯಾಂತ್ರಿಕ ಕೌಶಲದ ಈ ಅದ್ಭುತವೇ ಪರೀಕ್ಷೆಯ ದಾರಿಯನ್ನೂ ತೋರಿಸುತ್ತದೆ: ಬರಿಯ ಆಕಾಶವನ್ನು ಅದೇ ವೇಗದಲ್ಲಿ ಹತ್ತಾರು ಸಲ ತೆಗೆಯಿರಿ. ಒಂದು ಅಂಚು ಮಸುಕಾಗಿದ್ದರೆ, ಕಪ್ಪು ಪಟ್ಟಿ ಬಂದರೆ ಪರದೆಗಳ ತಾಳ ತಪ್ಪಿದೆ. ಅಂಥದ್ದನ್ನು ಕೊಳ್ಳಬೇಡಿ.

ಈ ಶಟರನ್ನು ನಿಕಾನ್ ಒಂದು ಲಕ್ಷ ಸಲ ಓಡಿಸಿ ಪರೀಕ್ಷಿಸಿದೆ. ಹಳೆಯ ಬೈಕ್ ಕೊಳ್ಳುವಾಗ ಕಿಲೋಮೀಟರ್ ಓದುವ ಹಾಗೆ, ಇಲ್ಲಿ ಶಟರ್ ಎಣಿಕೆ ನೋಡಬೇಕು. ಅದು ಪ್ರತಿ ಚಿತ್ರದ ಕಡತದೊಳಗೇ ದಾಖಲಾಗಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊವಾಗಿ ಕಳಿಸಿದರೆ ಈ ದಾಖಲೆ ಅಳಿಸಿಹೋಗುತ್ತದೆ. ಹಾಗಾಗಿ ನಿಮ್ಮದೇ ಕಾರ್ಡ್ ಹಾಕಿ ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ತೆರೆದು ನೋಡಿ. ಕಾರ್ಡ್ 32 ಜಿಬಿ ಮೀರದಿರಲಿ.

ನಮ್ಮ ಮಲೆನಾಡು, ಕರಾವಳಿಯ ಮಳೆಗಾಲ ಕಂಡ ಲೆನ್ಸ್ ಆದರೆ ಇನ್ನೊಂದು ಅಪಾಯವಿದೆ: ಬೂಷ್ಟು. ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿದರೆ ಒಳಗಿನ ಗಾಜಿನ ಮೇಲೆ ಜೇಡರ ಬಲೆಯಂಥ ಎಳೆಗಳು ಕಾಣುತ್ತವೆ. ಅದು ಒಸರುವ ಆಮ್ಲ ಗಾಜಿನ ಲೇಪವನ್ನು ತಿನ್ನುತ್ತದೆ. ಒರೆಸಿದರೂ ಕಲೆ ಉಳಿಯುತ್ತದೆ. ಬ್ಯಾಟರಿಯ ವಯಸ್ಸನ್ನು ಕ್ಯಾಮೆರಾವೇ ಹೇಳುತ್ತದೆ: ಮೆನುವಿನ ‘ಬ್ಯಾಟರಿ ಇನ್ಫೊ’ದಲ್ಲಿ 0 ಎಂದರೆ ಹೊಸದು, 4 ಎಂದರೆ ಬದಲಿಸಬೇಕಾದದ್ದು.

ವಿಡಿಯೊಗಾಗಿಯೋ, ಮುಸ್ಸಂಜೆಯಲ್ಲಿ ಹಾರುವ ಹಕ್ಕಿಗಾಗಿಯೋ ಇದನ್ನು ಕೊಳ್ಳಬೇಡಿ. ಸೆನ್ಸರ್‌ನ ಸಂವೇದನಾ ಮಟ್ಟ (ಐಎಸ್‌ಒ) 1600 ದಾಟಿದರೆ ಚಿತ್ರ ಕಾಳುಕಾಳಾಗುತ್ತದೆ. ಛಾಯಾಗ್ರಹಣ ಕಲಿಯುವವರಿಗೆ ಮಾತ್ರ ಇದನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ನಿಕಾನ್‌ನದೇ ಡಿ3000, ಡಿ5000ಗಳಲ್ಲಿ ಇಲ್ಲದ ಫೋಕಸ್ ಮೋಟರ್ ಇದರ ಒಡಲಲ್ಲೇ ಇದೆ. ಅದರಿಂದ ಸ್ವಂತ ಮೋಟರ್ ಇಲ್ಲದ ಹಳೆಯ 50 ಮಿ.ಮೀ. ‘ಡಿ’ ಲೆನ್ಸನ್ನೂ ಹಾಕಿ ಆಟೊಫೋಕಸ್‌ನಲ್ಲಿ ಚಿತ್ರ ತೆಗೆಯಬಹುದು.