ಕ್ರಿಯಾಪದವೂ ಕಾಲದ ಗೆರೆಯೂ

ಗಡಿಯಾರವನ್ನು ನೋಡಿ ಹೊತ್ತನ್ನು ಹೇಳುವುದು ಸುಲಭ. ಅದೇ ಹೊತ್ತನ್ನು ಒಂದು ಕ್ರಿಯಾಪದದಲ್ಲಿ ಅಡಕಮಾಡಿ ಪರಭಾಷೆಯಲ್ಲಿ ಹೇಳುವುದು ಕಷ್ಟ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಹಳ್ಳಿಗಳಿಂದ ಕಾಲೇಜಿಗೆ ಬರುವ ಅನೇಕ ವಿದ್ಯಾರ್ಥಿಗಳು ಹತ್ತನೆಯ ತರಗತಿಯವರೆಗೆ ವಿಜ್ಞಾನವನ್ನು ಕನ್ನಡದಲ್ಲಿ ಕಲಿತು, ಪದವಿಪೂರ್ವ ತರಗತಿಯಲ್ಲಿ ಒಮ್ಮೆಗೇ ಇಂಗ್ಲಿಷಿನ ಮುಂದೆ ನಿಲ್ಲುತ್ತಾರೆ. ಲೋಲಕದ ಆಂದೋಲನ ಕಾಲವನ್ನು ತಪ್ಪಿಲ್ಲದೆ ಅಳೆಯಬಲ್ಲ ಹುಡುಗಿಯು, ನಿನ್ನೆ ಅಳೆದುದನ್ನು ದಾಖಲೆ ಪುಸ್ತಕದಲ್ಲಿ ಬರೆಯುವಾಗ ಎಡವುತ್ತಾಳೆ. ಓದಿದವರು ಅವಳಿಗೆ ಬುದ್ಧಿ ಸಾಲದೆನ್ನುತ್ತಾರೆ. ಕಾಲಕ್ರಮೇಣ ಅವಳೂ ಅದನ್ನು ನಂಬುತ್ತಾಳೆ. ಆದರೆ ಈ ತಪ್ಪುಗಳಲ್ಲಿ ಒಂದು ಕ್ರಮವಿದೆ. ಕ್ರಮವಿರುವಲ್ಲಿ ಕಾರಣವೂ ಇರಬೇಕು. ಅದನ್ನು ನಾವು ಇಲ್ಲಿ ವಿಚಾರಿಸೋಣ.

ಮೊದಲನೆಯ ಉದಾಹರಣೆಯಾಗಿ 'ಹಿ ಹ್ಯಾಸ್ ಕಮ್ ಯೆಸ್ಟರ್ಡೇ' ಎಂಬ ವಾಕ್ಯವನ್ನು ತೆಗೆದುಕೊಳ್ಳೋಣ. ಇಂಗ್ಲಿಷಿನಲ್ಲಿ ಇದು ತಪ್ಪು. 'ಹಿ ಕೇಮ್ ಯೆಸ್ಟರ್ಡೇ' ಎನ್ನಬೇಕು. ಆದರೆ ಕನ್ನಡದಲ್ಲಿ 'ಅವನು ನಿನ್ನೆಯೇ ಬಂದಿದ್ದಾನೆ' ಎಂಬುದು ನಿರ್ದುಷ್ಟವಾದ ಮಾತು. 'ಬಂದಿದ್ದಾನೆ' ಎಂಬುದನ್ನು ಬಿಡಿಸಿದರೆ 'ಬಂದು' ಮತ್ತು 'ಇದ್ದಾನೆ' ಎಂಬ ಎರಡು ಭಾಗಗಳು ದೊರೆಯುತ್ತವೆ. ಬಂದುದು ನಿನ್ನೆ, ಇರುವುದು ಇಂದು. ನಮ್ಮ ಕ್ರಿಯಾಪದವು ಎರಡನ್ನೂ ಒಟ್ಟಿಗೆ ಹೊರಬಲ್ಲುದಾದ್ದರಿಂದ 'ನಿನ್ನೆ' ಎಂಬ ಮಾತು ಅದರ ಮೊದಲ ಭಾಗಕ್ಕೆ ಸಲೀಸಾಗಿ ಹೊಂದಿಕೊಳ್ಳುತ್ತದೆ.

ಇಂಗ್ಲಿಷಿನಲ್ಲಿ ಹೀಗೇಕೆ ಸಾಗದು? ಇದಕ್ಕೆ ತಿಳಿಯಾದ ಉತ್ತರವನ್ನು ಕೊಟ್ಟವರು ಹಾನ್ಸ್ ರೈಖೆನ್‌ಬಾಖ್. ಇವರು ಬರ್ಲಿನ್ನಿನಲ್ಲಿ ಐನ್‌ಸ್ಟೈನರ ಸಾಪೇಕ್ಷತಾ ಉಪನ್ಯಾಸಗಳನ್ನು ಕೇಳಿ, ದೇಶ ಕಾಲಗಳ ಸ್ವರೂಪವನ್ನು ಕುರಿತು ಗ್ರಂಥಗಳನ್ನು ಬರೆದ ತತ್ತ್ವಜ್ಞಾನಿ. 1947ರಲ್ಲಿ ಪ್ರಕಟವಾದ ತಮ್ಮ ತರ್ಕಶಾಸ್ತ್ರ ಗ್ರಂಥದಲ್ಲಿ ಅವರು ಕಾಲವನ್ನು ಒಂದು ಗೆರೆಯಾಗಿ ಭಾವಿಸಿ, ಅದರ ಮೇಲೆ ಮೂರು ಬಿಂದುಗಳನ್ನು ಗುರುತಿಸಿದರು. ಒಂದು, ಮಾತಾಡುವ ಕ್ಷಣ. ಎರಡು, ಘಟನೆ ನಡೆದ ಕ್ಷಣ. ಮೂರು, ನಾವು ಎಲ್ಲಿ ನಿಂತು ಆ ಘಟನೆಯನ್ನು ನೋಡುತ್ತೇವೆಯೋ ಆ ಕ್ಷಣ. ಇದನ್ನು ನೋಟದ ಬಿಂದು ಎನ್ನೋಣ.

'ಕೇಮ್' ಎಂದಾಗ ನೋಟದ ಬಿಂದುವು ಘಟನೆಯ ಜೊತೆಯಲ್ಲಿಯೇ ಹಿಂದೆ ಇರುತ್ತದೆ. 'ಹ್ಯಾಸ್ ಕಮ್' ಎಂದಾಗ ಘಟನೆ ಹಿಂದೆ ನಡೆದಿದ್ದರೂ ನೋಟದ ಬಿಂದುವು ಮಾತಾಡುವ ಕ್ಷಣದಲ್ಲಿರುತ್ತದೆ. 'ಹ್ಯಾಡ್ ಕಮ್' ಎಂದಾಗ ನೋಟದ ಬಿಂದುವು ಗತಕಾಲದಲ್ಲಿದ್ದು, ಘಟನೆಯು ಅದಕ್ಕೂ ಹಿಂದೆ ಇರುತ್ತದೆ. 'ಯೆಸ್ಟರ್ಡೇ' ಎಂಬಂಥ ಮಾತು ನೋಟದ ಬಿಂದುವಿಗೆ ಅಂಟಿಕೊಳ್ಳುತ್ತದೆ ಎಂಬುದು ರೈಖೆನ್‌ಬಾಖರ ನಿಯಮ. ನೋಟವನ್ನು ಇಂದಿನಲ್ಲಿಟ್ಟು ಅದಕ್ಕೆ 'ನಿನ್ನೆ' ಎಂಬ ಚೀಟಿಯನ್ನು ಅಂಟಿಸಲಾಗದು.

ಎರಡನೆಯ ತೊಡಕೂ ಇದರಿಂದಲೇ ಬಿಡಿಸಿಕೊಳ್ಳುತ್ತದೆ. 'ನಿನ್ನೆ ನಿಮ್ಮ ಮನೆಗೆ ಬಂದಿದ್ದೆ' ಎಂದು ನಾವು ಹೇಳುವಾಗ, ಬಂದೆನು, ಮರಳಿ ಹೋದೆನು, ಈಗ ಅಲ್ಲಿಲ್ಲ ಎಂಬುದು ಅಭಿಪ್ರಾಯ. ಇದನ್ನೇ 'ಐ ಹ್ಯಾಡ್ ಕಮ್' ಎಂದು ಬರೆದರೆ ಇಂಗ್ಲಿಷ್ ಓದುಗನು ಮುಂದಿನ ಮಾತಿಗಾಗಿ ಕಾಯುತ್ತಾನೆ: ಯಾವುದಕ್ಕಿಂತ ಮೊದಲು ಬಂದದ್ದು? ಗತಕಾಲದ ಮತ್ತೊಂದು ಸಂಗತಿಯಿಲ್ಲದೆ ಆ ರೂಪಕ್ಕೆ ಆಧಾರವಿಲ್ಲ.

ಮೂರನೆಯದು 'ಸಿನ್ಸ್ ಫೈವ್ ಇಯರ್ಸ್' ಎಂಬುದು. ಭೌತಶಾಸ್ತ್ರದಲ್ಲಿ ಕ್ಷಣವೇ ಬೇರೆ, ಅವಧಿಯೇ ಬೇರೆ; ಗಡಿಯಾರದ ಮುಳ್ಳು ತೋರಿಸುವುದು ಕ್ಷಣವನ್ನು, ಎರಡು ಕ್ಷಣಗಳ ವ್ಯತ್ಯಾಸವೇ ಅವಧಿ. ದೇವನಹಳ್ಳಿಯ ವಿಮಾನ ನಿಲ್ದಾಣವು '2008ರಿಂದ' ಕೆಲಸ ಮಾಡುತ್ತಿದೆ ಎಂಬಲ್ಲಿ ಇರುವುದು ಆರಂಭದ ಗುರುತು. ಅಲ್ಲಿ ಒಬ್ಬನು 'ಐದು ವರ್ಷದಿಂದ' ದುಡಿಯುತ್ತಿದ್ದಾನೆ ಎಂಬಲ್ಲಿ ಇರುವುದು ಉದ್ದದ ಅಳತೆ. ಕನ್ನಡದ 'ಇಂದ' ಪ್ರತ್ಯಯವು ಎರಡಕ್ಕೂ ಒದಗುತ್ತದೆ. ಇಂಗ್ಲಿಷಾದರೋ ಮೊದಲನೆಯದಕ್ಕೆ 'ಸಿನ್ಸ್' ಎಂದೂ ಎರಡನೆಯದಕ್ಕೆ 'ಫಾರ್' ಎಂದೂ ಬೇರ್ಪಡಿಸುತ್ತದೆ. ಮೇಲಾಗಿ, ಅಂದು ತೊಡಗಿ ಇಂದಿನವರೆಗೂ ಚಾಚಿರುವ ಕೆಲಸಕ್ಕೆ ನಾವು ವರ್ತಮಾನ ರೂಪವನ್ನು ಬಳಸಿದರೆ, ಇಂಗ್ಲಿಷ್ 'ಹ್ಯಾಸ್ ಬೀನ್ ವರ್ಕಿಂಗ್' ಎನ್ನುತ್ತದೆ.

ಇದು ಕನ್ನಡಿಗರೊಬ್ಬರ ಪಾಡೇ? ಅಲ್ಲ. ಸಾವಿರಾರು ಮೈಲಿ ದೂರದ ಜಪಾನಿನಲ್ಲಿ ಇಂಗ್ಲಿಷ್ ಕಲಿಯುವವರಿಗೂ ತೊಡಕು ಇದೇ ಎಡೆಯಲ್ಲಿ. ಅವರ 'ಕಿತ' ಎಂಬ ಒಂದೇ ರೂಪವು 'ಕೇಮ್' ಎಂಬುದಕ್ಕೂ 'ಹ್ಯಾಸ್ ಕಮ್' ಎಂಬುದಕ್ಕೂ ಸಲ್ಲುತ್ತದೆ. ಬಂದು ಇಲ್ಲಿಯೇ ಇದ್ದಾನೆ ಎನ್ನಲು ಅವರು 'ಕಿತೆ ಇರು' ಎನ್ನುತ್ತಾರೆ. 'ಕಿತೆ' ಎಂದರೆ ಬಂದು, 'ಇರು' ಎಂದರೆ ಇರುವುದು. ನಮ್ಮ 'ಇರು' ಅವರಲ್ಲಿ ಹೇಗೆ ಎಂದು ವಾಚಕರು ಬೆರಗಾಗಬಹುದು. ಆದರೆ ಒಂದು ಪದದ ಧ್ವನಿಸಾಮ್ಯದಿಂದ ಭಾಷೆಗಳ ನಂಟು ಸಿದ್ಧವಾಗದು. ಇಲ್ಲಿ ಗಮನಿಸಬೇಕಾದುದು ರಚನೆಯ ಸಾಮ್ಯವನ್ನು.

ಇನ್ನೊಂದು ಸಾಮ್ಯವನ್ನು ನೋಡಿ. 'ಮಳೆ ಬಂದ ಮೇಲೆ ರಾಗಿ ಬಿತ್ತುತ್ತೇವೆ' ಎಂದು ನಮ್ಮ ರೈತನು ಹೇಳುತ್ತಾನೆ. ಮಳೆ ಇನ್ನೂ ಬಂದಿಲ್ಲ. ಆದರೂ 'ಬಂದ' ಎಂಬುದು ಭೂತಕಾಲದ ರೂಪ. ಇಲ್ಲಿ ಮಳೆಯ ಕಾಲವನ್ನು ಅಳೆದಿರುವುದು ಮಾತಾಡುವ ಕ್ಷಣದಿಂದಲ್ಲ, ಬಿತ್ತನೆಯ ಕ್ಷಣದಿಂದ. ಜಪಾನಿನವರೂ ಇಂಥ ಕಡೆ ಭೂತರೂಪವನ್ನೇ ಬಳಸುತ್ತಾರೆ. ಇಂಗ್ಲಿಷಿನಲ್ಲಿ ಮಾತ್ರ 'ಆಫ್ಟರ್ ಇಟ್ ರೈನ್ಸ್' ಎಂದು ವರ್ತಮಾನ ರೂಪ ಬರುತ್ತದೆ.

ಆದುದರಿಂದ ವಿದ್ಯಾರ್ಥಿಯ ತಪ್ಪು ಅಜಾಗ್ರತೆಯಲ್ಲ. ಒಂದು ಅಳತೆಗೋಲಿನ ಸೊನ್ನೆಯನ್ನು ಇನ್ನೊಂದರ ಮೇಲೆ ಓದಿದುದರ ಫಲ. ನಿಯಮಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವ ಬದಲು ಕರಿಹಲಗೆಯ ಮೇಲೆ ಒಂದು ಗೆರೆಯನ್ನೆಳೆದು, ಮಾತು ಎಲ್ಲಿ, ಘಟನೆ ಎಲ್ಲಿ, ನೋಟ ಎಲ್ಲಿ ಎಂದು ಮೂರು ಚುಕ್ಕೆಗಳನ್ನು ಇಡಿಸುವುದು ಮೇಲು. ಲೋಲಕದ ಆಂದೋಲನವನ್ನು ಎಣಿಸುವಾಗ ಎಣಿಕೆ ಎಲ್ಲಿಂದ ಎಂದು ಮೊದಲು ಗೊತ್ತುಮಾಡಿಕೊಳ್ಳುವ ಮಕ್ಕಳಿಗೆ ಈ ವಿಧಾನವು ಹೊಸತೇನೂ ಅಲ್ಲ. ತಾವು ದಡ್ಡರಲ್ಲ, ಬೇರೊಂದು ಕ್ರಮದಲ್ಲಿ ಕಾಲವನ್ನು ಅಳೆಯುವವರು ಎಂದು ಅವರಿಗೆ ತಿಳಿದರೆ, ಇಂಗ್ಲಿಷಿನ ಮೇಲಣ ಅಂಜಿಕೆಯ ಅರ್ಧ ಪಾಲು ಅಲ್ಲಿಯೇ ಇಳಿಯುತ್ತದೆ.