ಇನ್ನೊಬ್ಬ ವಿಶ್ವನಾಥ್

ಭದ್ರಾವತಿಯಲ್ಲಿ ನಿಂತು 'ವಿಶ್ವನಾಥ್' ಅಂದ್ರೆ ಮುಂದಿನ ಮಾತು ಸ್ಕ್ವೇರ್ ಕಟ್ ಬಗ್ಗೆಯೇ. ಜಿ.ಆರ್. ವಿಶ್ವನಾಥ್ ಹುಟ್ಟಿದ್ದು ಇಲ್ಲೇ, 1949ರಲ್ಲಿ. 91 ಟೆಸ್ಟ್, 6080 ರನ್, 14 ಶತಕ. ಕಾನ್ಪುರದ ಮೊದಲ ಟೆಸ್ಟಲ್ಲಿ ಮೊದಲು ಸೊನ್ನೆ, ಆಮೇಲೆ 137. ಕಬ್ಬಿಣದ ಕಾರ್ಖಾನೆ ಊರಿನವರಾದ ನಾವು ಇದನ್ನೆಲ್ಲ ಮಗ್ಗಿ ಥರ ಹೇಳ್ತೀವಿ. ಆದರೆ ಇವತ್ತು ನಾನು ಬರೀತಿರೋದು ಕರ್ನಾಟಕದ ಇನ್ನೊಬ್ಬ ವಿಶ್ವನಾಥ್ ಬಗ್ಗೆ. ನನ್ನ ಜೊತೆ ಕೋಡ್ ಬರೆಯುವ ಹುಡುಗರಲ್ಲಿ ಅವರ ಹೆಸರು ಕೇಳಿದವರು ಕಮ್ಮಿ.

ಸದಾನಂದ ವಿಶ್ವನಾಥ್. ಬೆಂಗಳೂರಿನವರು, 1962ರಲ್ಲಿ ಹುಟ್ಟಿದವರು, ವಿಕೆಟ್‌ಕೀಪರ್-ಬ್ಯಾಟ್ಸ್‌ಮನ್. ಅವರು ಬೆಳೆದ ಕಾಲದಲ್ಲಿ ಭಾರತದ ಕೀಪರ್ ಸೈಯದ್ ಕಿರ್ಮಾನಿ, ಅವರೂ ಕರ್ನಾಟಕದವರೇ. ಅಂದ್ರೆ ರಾಜ್ಯ ತಂಡಕ್ಕಾಗಲಿ, ದೇಶದ ತಂಡಕ್ಕಾಗಲಿ ಬರೋಕೆ ದಾಟಬೇಕಾದ ಗೋಡೆ ಒಂದೇ!

1985ರಲ್ಲಿ ಆಸ್ಟ್ರೇಲಿಯಾದಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಭಾರತದ ಗ್ಲೌಸ್ ಈ 22ರ ಹುಡುಗನ ಕೈಯಲ್ಲಿತ್ತು.

ಕೀಪಿಂಗ್ ಎಷ್ಟು ಕಷ್ಟ ಅನ್ನೋದು ಟಿವಿಯಲ್ಲಿ ಗೊತ್ತಾಗಲ್ಲ. ಶಿವಮೊಗ್ಗದ ನವುಲೆ ಮೈದಾನದಲ್ಲಿ ರಣಜಿ ಪಂದ್ಯ ನೋಡಿದವರಿಗೆ ಗೊತ್ತಿರುತ್ತೆ: ಖಾಲಿ ಮೈದಾನ, ಎಲ್ಲರಿಗಿಂತ ಜೋರಾಗಿ ಕೇಳೋದು ಕೀಪರ್ ದನಿ. ಸ್ಪಿನ್ನರ್ ಬಂದ ಕೂಡಲೇ ಆತ ಸ್ಟಂಪ್ ಹಿಂದೆಯೇ ಕೂರಬೇಕು. ಬ್ಯಾಟ್ಸ್‌ಮನ್ ಅಡ್ಡ ಬಂದರೆ ಕೊನೇ ಕ್ಷಣ ಚೆಂಡೇ ಕಾಣಲ್ಲ. ಆದರೂ ಬ್ಯಾಟ್ ತಪ್ಪುತ್ತೆ ಅಂತಲೇ ಪ್ರತಿ ಸಲ ನಂಬಬೇಕು. ಸದಾನಂದ್ ಹೀಗೆ ಕೂತದ್ದು ಎಲ್. ಶಿವರಾಮಕೃಷ್ಣನ್ ಎಂಬ 19 ವರ್ಷದ ಲೆಗ್‌ಸ್ಪಿನ್ನರ್‌ಗೆ. ಮಾರ್ಚ್ 10, ಮೆಲ್ಬರ್ನ್, ಪಾಕಿಸ್ತಾನದ ಜೊತೆ ಫೈನಲ್. ಜಾವೇದ್ ಮಿಯಾಂದಾದ್ 48ರಲ್ಲಿದ್ದಾರೆ. ಸ್ಕೋರ್‌ಕಾರ್ಡಿನ ಆ ಸಾಲು: ಸ್ಟಂಪ್ ವಿಶ್ವನಾಥ್, ಬೌಲ್ಡ್ ಶಿವರಾಮಕೃಷ್ಣನ್. ಭಾರತ 8 ವಿಕೆಟ್‌ಗಳಿಂದ ಗೆದ್ದಿತು. ರವಿ ಶಾಸ್ತ್ರಿಗೆ ಆಡಿ ಕಾರು ಸಿಕ್ಕಿದ್ದು ಎಲ್ಲರಿಗೂ ನೆನಪಿದೆ. ಕೀಪರ್‌ಗೆ ಯಾರು ಕಾರು ಕೊಡ್ತಾರೆ ಬಿಡಿ.

ಅದೇ ವರ್ಷ ಶ್ರೀಲಂಕಾದಲ್ಲಿ 3 ಟೆಸ್ಟ್ ಆಡಿದರು. ಅಷ್ಟೇ, ಮತ್ತೆ ಟೆಸ್ಟ್ ಸಿಗಲಿಲ್ಲ. 1988ರ ಆರಂಭದ ಹೊತ್ತಿಗೆ 22 ಏಕದಿನ ಪಂದ್ಯಗಳೂ ಮುಗಿದವು. ಆಗ ವಯಸ್ಸು ಬರೀ 25. ಬ್ಯಾಟಿಂದ ದೊಡ್ಡ ರನ್ ಬರಲಿಲ್ಲ, ನಿಜ. ಅಷ್ಟರಲ್ಲಿ ಕಿರಣ್ ಮೋರೆ, ಚಂದ್ರಕಾಂತ್ ಪಂಡಿತ್ ಬಂದಿದ್ದರು. ಆ ಶಿವರಾಮಕೃಷ್ಣನ್ ಕೂಡ 9 ಟೆಸ್ಟ್‌ಗೇ ನಿಂತರು.

'ಪ್ರತಿಭೆ ಹಾಳು ಮಾಡಿಕೊಂಡ' ಅಂತ ಸದಾನಂದ್ ಬಗ್ಗೆ ಹೇಳುವವರಿದ್ದಾರೆ. ನಾನು ಒಪ್ಪಲ್ಲ. ಆ ಹುಡುಗ ಹೆಸರು ಮಾಡಿದ ವರ್ಷಗಳಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡಿದ್ದ. 23ಕ್ಕೆ ನಾವೆಲ್ಲ ಏನಾಗಿದ್ವಿ? ಟ್ರೈನಿ. ತಪ್ಪು ಮಾಡಿದರೆ ಸೀನಿಯರ್ ಸರಿ ಮಾಡ್ತಿದ್ರು, ಸಂಜೆ ಮನೆಗೆ ಫೋನ್ ಮಾಡಿ ಅಳೋಕೆ ಅಮ್ಮ ಇದ್ದರು. ಅವರಿಗೆ ಪ್ರತಿ ಚೆಂಡೂ ಒಂದೊಂದು ಅಪ್ರೈಸಲ್, ಅದೂ ದೇಶದ ಎದುರು. ಇವತ್ತಿನ ತಂಡದ ಜೊತೆ ಕೋಚ್‌ಗಳ ಒಂದು ದಂಡೇ ಹೋಗುತ್ತೆ. ಆಗ ಟೂರಿಗೆ ಹೋಗ್ತಿದ್ದದ್ದು ಒಬ್ಬ ಮ್ಯಾನೇಜರ್. ಕೈಗೆ ಬಂದ ಹುಡುಗ ಯಾಕೆ ಮಂಕಾದ ಅಂತ ಕೂತು ಕೇಳೋದು ಯಾರ ಕೆಲಸವೂ ಆಗಿರಲಿಲ್ಲ.

ಮುಂದೆ ಅವರು ಅಂಪೈರ್ ಆದರು, ಪ್ರಥಮ ದರ್ಜೆ ಪಂದ್ಯಗಳಲ್ಲಿ ನಿಂತರು. ರಾತ್ರಿ ಊಟ ಆದ ಮೇಲೆ ಆ ಫೈನಲ್‌ನ ತುಣುಕು ಮೊಬೈಲಲ್ಲಿ ಹುಡುಕಿ ನೋಡಿ. ಮಿಯಾಂದಾದ್ ಅವರನ್ನಲ್ಲ, ಅವರ ಹಿಂದೆ ಕೂತಿರೋ ಹುಡುಗನನ್ನು.