ಸಿಬಿಇ ಬಂತು, ಫ್ಯಾನ್ಸ್ ಒಪ್ಪಿದ್ರಾ?

ಇವತ್ತು ಲಂಡನ್‌ನ ವೆಸ್ಟ್ ಹ್ಯಾಮ್ ಕ್ಲಬ್ ಕಥೆ. ಆಗ ಅದರ ವೈಸ್ ಚೇರ್ಮನ್ ಆಗಿದ್ದ ಕ್ಯಾರೆನ್ ಬ್ರೇಡಿಗೆ 2014ರಲ್ಲಿ ಸಿಬಿಇ ಬಂತು. ನಮ್ಮ ಪದ್ಮ ಪ್ರಶಸ್ತಿ ಥರ, ಬ್ರಿಟನ್ನಿನ ರಾಷ್ಟ್ರೀಯ ಗೌರವ. ಕೊಟ್ಟಿದ್ದು ಫುಟ್‌ಬಾಲ್‌ಗಲ್ಲ, ಉದ್ಯಮಶೀಲತೆಗೆ, ಬಿಸಿನೆಸ್‌ನಲ್ಲಿರುವ ಮಹಿಳೆಯರಿಗಾಗಿ ಮಾಡಿದ ಕೆಲಸಕ್ಕೆ. 1993ರಲ್ಲಿ, 23ನೇ ವಯಸ್ಸಿಗೇ ಬರ್ಮಿಂಗ್‌ಹ್ಯಾಮ್ ಸಿಟಿ ಕ್ಲಬ್ ನಡೆಸಲು ಶುರು ಮಾಡಿದವರು ಅವರು.

ಆದರೆ 2016ರಲ್ಲಿ ವೆಸ್ಟ್ ಹ್ಯಾಮ್, 1904ರಿಂದ ಆಡಿದ ಅಪ್ಟನ್ ಪಾರ್ಕ್ ಬಿಟ್ಟು ಒಲಿಂಪಿಕ್ ಸ್ಟೇಡಿಯಂಗೆ ಹೋಯಿತು. 99 ವರ್ಷದ ಲೀಸ್, ಜಾಸ್ತಿ ಸೀಟು. ಬಿಕಾಂ ಓದಿದ ನನಗೆ ಈ ಲೆಕ್ಕ ಸರಿಯಾಗೇ ಕಾಣುತ್ತೆ. ಎಷ್ಟೋ ಫ್ಯಾನ್ಸ್‌ಗೆ ಮಾತ್ರ ಪಿಚ್ ದೂರವಾಯಿತು, ಹಳೇ ಮನೆ ಹೋಯಿತು. 2018ರ ಮಾರ್ಚ್‌ನಲ್ಲಿ ಬರ್ನ್‌ಲಿ ಎದುರಿನ ಪಂದ್ಯದ ನಡುವೆಯೇ ಕೆಲವರು ಮೈದಾನಕ್ಕೆ ನುಗ್ಗಿದರು.

ದೇಶ ನೋಡಿದ್ದು ಅವರ ಕರಿಯರ್ ಅನ್ನು. ಫ್ಯಾನ್ಸ್ ನೋಡೋದು ತಮ್ಮ ಸೀಟಿನಿಂದ ಕಾಣೋ ಆಟವನ್ನು. ನೀವೇನಂತೀರಾ?